ಮೂರು ಭಾಷೆ, ಒಂದೇ ಪುಟ: ಕಾಸರಗೋಡಿನಿಂದ ಉತ್ತರ

ನಮ್ಮ ಊರಿನ ವಾಚನಾಲಯದ ವೆಬ್‌ಸೈಟ್ ನೋಡಿ ನೀನು ಕೇಳಿದ್ದು ಇಷ್ಟು: ಒಂದೇ ಪುಟದಲ್ಲಿ ಕನ್ನಡ, ಮಲಯಾಳ, ತುಳು ಅಂತ ಮೂರು ಭಾಷೆ ಯಾಕೆ ತುರುಕಿದ್ದೀರಿ, ಮೇಲೊಂದು ಭಾಷೆ ಬದಲಿಸುವ ಬಟನ್ ಇಟ್ಟರೆ ಸಾಕಲ್ವಾ, ಅಷ್ಟಕ್ಕೂ ನೀವು ಕೇರಳದವರಲ್ವಾ?

ಕೊನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ ಮಾರಾಯ. ಹೌದು, ನಾವು ಕೇರಳದಲ್ಲಿದ್ದೇವೆ. 1956ರ ನವೆಂಬರ್ 1ರಂದು ಕರ್ನಾಟಕದ ನಿಮಗೆಲ್ಲ ರಾಜ್ಯ ಒಂದಾಯಿತು. ಅದೇ ದಿನ ನಮ್ಮ ಕಾಸರಗೋಡು ದಕ್ಷಿಣ ಕನ್ನಡದಿಂದ ಕಳಚಿ ಕೇರಳಕ್ಕೆ ಸೇರಿತು. ಊರು ಇದ್ದಲ್ಲೇ ಇತ್ತು, ಮನೆಯ ಮಾತೂ ಬದಲಾಗಲಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ (ಆಗಿನ ಮೈಸೂರು ರಾಜ್ಯಕ್ಕೆ) ಸೇರಬೇಕು ಅಂತ 1967ರಲ್ಲಿ ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ ಹೇಳಿತು. ಅದು ವರದಿಯಲ್ಲೇ ಉಳಿಯಿತು. ಆದ್ದರಿಂದ ನಾವು ಕೇರಳದವರು ಹೌದು, ಕನ್ನಡದವರೂ ಹೌದು. ಇದರಲ್ಲಿ ಒಂದನ್ನು ಆರಿಸು ಅಂತ ದಯವಿಟ್ಟು ಹೇಳಬೇಡ.

ಇಲ್ಲಿ ಒಂದೇ ಅಂಗಡಿಯಲ್ಲಿ ತುಳುವಿನಲ್ಲಿ ಕ್ರಯ ಕೇಳಿ, ಮಲಯಾಳದಲ್ಲಿ ಚೌಕಾಸಿ ಮಾಡಿ, ಚೀಟಿಯನ್ನು ಕನ್ನಡದಲ್ಲಿ ಬರೆಸಿಕೊಂಡು ಹೋಗುವವರಿದ್ದಾರೆ. ಕೊಂಕಣಿ, ಮರಾಠಿ, ಬ್ಯಾರಿ ಮಾತಾಡುವವರೂ ಇದ್ದಾರೆ. ಉಪ್ಪಳದ ಕಡೆ ಹೋದರೆ ಉರ್ದು ಕೂಡ ಕೇಳಿಸುತ್ತದೆ. ನಮಗೆ ಇದರಲ್ಲಿ ವಿಶೇಷ ಅನ್ನಿಸುವುದಿಲ್ಲ.

ಈಗ ಬಟನ್ ವಿಷಯ. ಬಟನ್ ಇಟ್ಟರೆ ಕನ್ನಡಕ್ಕೆ ಒಂದು ಪುಟ, ಮಲಯಾಳಕ್ಕೆ ಇನ್ನೊಂದು ಪುಟ ಆಗುತ್ತದೆ. ನೋಡಲು ಚೆಂದ. ಆದರೆ ಕಾರ್ಯಕ್ರಮದ ತಾರೀಕು ಬದಲಾದಾಗ ಅವಸರದಲ್ಲಿ ಒಂದನ್ನು ತಿದ್ದುತ್ತಾರೆ, ಇನ್ನೊಂದು ಹಾಗೇ ಉಳಿಯುತ್ತದೆ. ಗಡಿನಾಡಿನಲ್ಲಿ ಹಾಗೆ ಉಳಿಯುವುದು ಯಾವಾಗಲೂ ಕನ್ನಡದ ಪುಟವೇ. ಒಂದು ಕಚೇರಿಯ ಸೈಟಿನಲ್ಲಿ ಮಲಯಾಳದಲ್ಲಿ ಹೊಸ ಪ್ರಕಟಣೆ ಇತ್ತು, ಕನ್ನಡ ಅಂತ ಒತ್ತಿದರೆ ಹಿಂದಿನ ವರ್ಷದ್ದು ಬಂತು. ಅದನ್ನು ನಂಬಿ ಅರ್ಜಿ ತುಂಬಿದವರು ಬಸ್ಸಿನ ದುಡ್ಡು ಖರ್ಚು ಮಾಡಿ ಹೋಗಿ ಬರಿಗೈಯಲ್ಲಿ ವಾಪಸ್ ಬಂದರು. ಯಾರೂ ಬೇಕಂತಲೇ ಮಾಡಿದ್ದಲ್ಲ. ಕಣ್ಣಿಗೆ ಬೀಳದ ಪುಟವನ್ನು ಯಾರೂ ನೋಡಿಕೊಳ್ಳುವುದಿಲ್ಲ, ಅಷ್ಟೇ. ಎರಡೂ ಒಂದರ ಪಕ್ಕ ಒಂದು ಇದ್ದರೆ ತಾರೀಕು ತಾಳೆಯಾಗದ್ದು ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಎರಡು ಲಿಪಿ ಬರುತ್ತದೆ. ಅವರೇ ಫೋನ್ ಮಾಡಿ ಹೇಳುತ್ತಾರೆ.

ಇನ್ನೊಂದಿದೆ. ಕೆಲವು ಸೈಟ್‌ಗಳು ನೀವು ಎಲ್ಲಿದ್ದೀರಿ ಅಂತ ನೋಡಿ ಭಾಷೆಯನ್ನು ತಾವೇ ನಿರ್ಧಾರ ಮಾಡುತ್ತವೆ. ಕೇರಳ ಅಂದರೆ ಮಲಯಾಳ. ಅದೇ ಬಸ್ಸು ಗಡಿಯ ತಲಪಾಡಿ ದಾಟಿದರೆ ಕನ್ನಡ. ಮಂಜೇಶ್ವರದಲ್ಲಿ ಕೂತು ಕನ್ನಡ ಓದುವವನೊಬ್ಬ ಇರಬಹುದು ಅಂತ ಅದಕ್ಕೆ ಹೊಳೆಯುವುದೇ ಇಲ್ಲ. ಗೋವಿಂದ ಪೈಗಳು ಕೂತು ಬರೆದ ಊರು ಅದು! ಮನೆಯಲ್ಲಿ ಕೊಂಕಣಿ ಮಾತಾಡಿ ಕನ್ನಡದಲ್ಲಿ ಬರೆದವರು. 1949ರಲ್ಲಿ ಮದ್ರಾಸ್ ಸರ್ಕಾರ ಅವರಿಗೆ ರಾಷ್ಟ್ರಕವಿ ಅಂತ ಗೌರವ ಕೊಟ್ಟಿತು.

ಆ ರಾಷ್ಟ್ರಕವಿ ಅನ್ನುವ ಪದವೇ ನನ್ನ ದೊಡ್ಡ ತಲೆನೋವು. ಇಂಗ್ಲಿಷಿಗೆ ಅಂತ ಅಳತೆ ಮಾಡಿದ ವಿನ್ಯಾಸದಲ್ಲಿ ಸಾಲಿನ ಎತ್ತರ ಕಮ್ಮಿ ಇರುತ್ತದೆ. ಷಕಾರದ ಕೆಳಗೆ ಟ, ಅದರ ಕೆಳಗೆ ರ, ಎರಡು ಒತ್ತು ಕೂರಬೇಕು. ಶೀರ್ಷಿಕೆಯ ಡಬ್ಬದಲ್ಲಿ ಜಾಗ ಸಾಲದೆ ಕೆಳಗಿನದು ಕತ್ತರಿಸಿ ಹೋಗಿ ‘ರಾಷಕವಿ’ ಅಂತ ಕಾಣುತ್ತದೆ. ಸಾಲಿನ ಎತ್ತರ ಜಾಸ್ತಿ ಮಾಡಿದರೆ ಪಕ್ಕದ ಮಲಯಾಳ ಭಾಗದ ಸಾಲುಗಳು ಬಿಡಿಬಿಡಿಯಾಗಿ ಕಾಣುತ್ತವೆ, ಅದರ ಹೊಸ ಲಿಪಿಯಲ್ಲಿ ಅಕ್ಷರಗಳು ಹೆಚ್ಚಾಗಿ ಅಡ್ಡಕ್ಕೇ ಬೆಳೆಯುತ್ತವೆ. ಆದ್ದರಿಂದ ಪ್ರತಿ ಭಾಷೆಗೂ ಬೇರೆ ಫಾಂಟ್, ಬೇರೆ ಗಾತ್ರ, ಬೇರೆ ಎತ್ತರ ಕೊಡಲೇಬೇಕು.

ಅದಕ್ಕಿಂತ ಕಷ್ಟದ್ದು ಕಣ್ಣಿಗೆ ಕಾಣದ ಅಕ್ಷರ. ಸಾಕ್ಷರತಾ ರ‍್ಯಾಲಿ ಅಂತ ಬರೆಯುವಾಗ ರಕಾರ ಪೂರ್ತಿಯಾಗಿ ನಿಂತು ಯಕಾರ ಒತ್ತಾಗಬೇಕಾದರೆ ನಡುವೆ ಒಂದು ಅದೃಶ್ಯ ಕೊಂಡಿ ಬೇಕು. ಅದು ಬಿದ್ದುಹೋದರೆ ರಕಾರ ಅರ್ಕಾವೊತ್ತಾಗಿ ಯಕಾರದ ಬಲಕ್ಕೆ ಹೋಗಿ ಕೂರುತ್ತದೆ. ಮಲಯಾಳದಲ್ಲೂ ಇಂಥದ್ದೇ ತೊಂದರೆ. ಅವರ ಚಿಲ್ಲಕ್ಷರಗಳಿಗೆ, ಅಂದರೆ ಸ್ವರ ಸೇರದ ವ್ಯಂಜನದ ವಿಶೇಷ ರೂಪಗಳಿಗೆ, 2008ರಲ್ಲಿ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಸಂಕೇತ ಕೊಡುವ ವ್ಯವಸ್ಥೆ) ಪ್ರತ್ಯೇಕ ಸಂಕೇತ ಕೊಟ್ಟಿತು. ಅದಕ್ಕೂ ಮೊದಲು ಅವನ್ನೂ ಇದೇ ಕೊಂಡಿ ಹಾಕಿ ಬರೆಯುತ್ತಿದ್ದರು, ಹಳೆಯ ಬರಹಗಳು ಈಗಲೂ ಹಾಗೇ ಇವೆ. ಸೈಟಿಗೆ ಬರಹ ಏರಿಸುವಾಗ ಕೆಲವು ತಂತ್ರಾಂಶಗಳು ಅದೃಶ್ಯ ಅಕ್ಷರ ಕಸ ಅಂತ ಗುಡಿಸಿ ಹಾಕುತ್ತವೆ. ಒಂದೇ ಏಟಿಗೆ ಎರಡು ಭಾಷೆಯೂ ಕೆಡುತ್ತದೆ. ಆಮೇಲೆ ಕೂತು ಒಂದೊಂದೇ ಪದ ಸರಿ ಮಾಡಬೇಕು. ವಾರ ಬಿಟ್ಟು ವಾರ ಇದೇ ಕೆಲಸ.

ತುಳುವಿನ ಕಥೆ ಬೇರೆ. ನಾವು ತುಳುವನ್ನು ಕನ್ನಡ ಲಿಪಿಯಲ್ಲೇ ಹಾಕುತ್ತೇವೆ. ಲಿಪಿ ನೋಡಿದ ಯಂತ್ರ ಅದನ್ನು ಕನ್ನಡ ಅಂತಲೇ ತಿಳಿಯುತ್ತದೆ. ತಪ್ಪು ಕನ್ನಡ ಅಂತ ಕೆಂಪು ಗೆರೆ ಎಳೆಯುತ್ತದೆ. ಅದಕ್ಕೇ ಪ್ರತಿ ಭಾಗಕ್ಕೂ ಭಾಷೆಯ ಗುರುತು ಹಾಕುತ್ತೇನೆ: ಕನ್ನಡಕ್ಕೆ ಕೆಎನ್, ಮಲಯಾಳಕ್ಕೆ ಎಂಎಲ್, ತುಳುವಿಗೆ ಟಿಸಿವೈ. ಇದು ನನ್ನ ಹಟ ಅಲ್ಲ. ಪುಟದೊಳಗೆ ಭಾಷೆ ಬದಲಾದಲ್ಲೆಲ್ಲ ಗುರುತು ಇರಬೇಕು ಅಂತ ವೆಬ್ ಮಾರ್ಗಸೂಚಿಯಲ್ಲೇ ಇದೆ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶ ಆ ಗುರುತು ನೋಡಿ ದನಿ ಬದಲಿಸುತ್ತದೆ. ಗುರುತು ಇಲ್ಲದಿದ್ದರೆ ಇಂಗ್ಲಿಷ್ ದನಿಯಲ್ಲಿ ಕನ್ನಡ ಓದಲು ಹೋಗಿ ಒದ್ದಾಡುತ್ತದೆ, ಇಲ್ಲವೇ ಇಡೀ ಪ್ಯಾರಾ ಹಾರಿಸಿಬಿಡುತ್ತದೆ. ತುಳು–ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್‌ಗೆ ಸೇರಿದೆ. ಅದರಲ್ಲೂ ಹಾಕಿ ಅಂತ ಊರಿನ ಹುಡುಗರು ಕೇಳುತ್ತಿದ್ದಾರೆ. ಫೋನುಗಳಲ್ಲಿ ಫಾಂಟ್ ಬಂದ ದಿನ ಖುಷಿಯಿಂದ ಹಾಕುತ್ತೇನೆ.

ಯಾವ ಭಾಷೆ ಮೇಲೆ, ಯಾವುದು ಕೆಳಗೆ ಅನ್ನುವುದಕ್ಕೆ ಒಮ್ಮೆ ಸಮಿತಿಯಲ್ಲಿ ಜೋರು ಮಾತಾಯಿತು. ಪ್ರಕಟಣೆಯನ್ನು ಮೊದಲು ಯಾವ ಭಾಷೆಯಲ್ಲಿ ಬರೆದರೋ ಅದು ಮೇಲೆ ಅಂತ ಒಪ್ಪಿಕೊಂಡೆವು. ಯಕ್ಷಗಾನ ತಾಳಮದ್ದಳೆ ಇದ್ದರೆ ಕನ್ನಡ ಮೇಲಿರುತ್ತದೆ, ಓಣಂ ಪೂಕಳಂ (ಹೂವಿನ ರಂಗೋಲಿ) ಸ್ಪರ್ಧೆ ಇದ್ದರೆ ಮಲಯಾಳ. ಯಾರಿಗೂ ಬೇಜಾರಿಲ್ಲ. ನನ್ನ ಜಗಳ ಮಲಯಾಳದ ಜೊತೆ ಯಾವತ್ತೂ ಅಲ್ಲ, ಅದು ನನಗೆ ಚೆನ್ನಾಗಿ ಬರುತ್ತದೆ, ನೆರೆಮನೆಯವರ ಭಾಷೆ. ನಮ್ಮ ಊರಿನ ಪುಟದಲ್ಲಿ ಕನ್ನಡವನ್ನು ಹುಡುಕಿಕೊಂಡು ಹೋಗುವಂತೆ ಆಗಬಾರದು ಅನ್ನುವುದೊಂದೇ ನನ್ನ ಮಾತು. ಬೆಂಗಳೂರಿನಲ್ಲಿ ಕೂತವನಿಗೆ ಬಟನ್ ಒಂದು ಅನುಕೂಲ. ನಮಗೆ ಅದು ಹಿಂದಿನ ಬಾಗಿಲು.

ನೀನು ಸೈಟನ್ನು ಹೊಸದಾಗಿ ಮಾಡಿಕೊಡುತ್ತೇನೆ ಅಂದಿದ್ದೀಯಲ್ಲ, ಖಂಡಿತ ಮಾಡು. ಬಟನ್ ಮಾತ್ರ ಬೇಡ. ದೊಡ್ಡ ಪರದೆಯಲ್ಲಿ ಮೂರು ಭಾಷೆ ಅಕ್ಕಪಕ್ಕ ಬರಲಿ, ಮೊಬೈಲಿನಲ್ಲಿ ಒಂದರ ಕೆಳಗೊಂದು. ಅದೃಶ್ಯ ಅಕ್ಷರ ಗುಡಿಸುವ ವ್ಯವಸ್ಥೆ ಇದ್ದರೆ ತೆಗೆದುಹಾಕು. ನಮ್ಮ ಹಿರಿಯ ಸದಸ್ಯರು ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದ್ದನ್ನು ಯೂನಿಕೋಡ್‌ಗೆ ಬದಲಿಸುವ ಕೆಲಸ ನನಗಿರಲಿ. ಮೊದಲ ಮಾದರಿ ಆದ ಕೂಡಲೇ ಕಳಿಸು, ರಾಷ್ಟ್ರಕವಿ ಅಂತ ಶೀರ್ಷಿಕೆ ಹಾಕಿಯೇ ನೋಡುತ್ತೇನೆ.