ಬೈದು ಬೆವರಿಳಿಸೋದಕ್ಕೆ ಇಂಗ್ಲಿಷ್‌ನಲ್ಲಿ ಯಾವ ಫ್ರೇಸಲ್ ವರ್ಬ್ (ಕ್ರಿಯಾಪದದ ಜೊತೆ 'ಇಂಟು', 'ಆಫ್' ಥರದ ಪುಟ್ಟ ಪದ ಸೇರಿದ್ದು) ಸರಿ?

ನಿಮ್ಮ ಕಥೆಯಲ್ಲಿ ಮ್ಯಾನೇಜರ್ ಒಬ್ಬ ಕೆಲಸದವನನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಳ್ಳುತ್ತಾನೆ. ಇಂಗ್ಲಿಷಿಗೆ ತರುವಾಗ 'ಅಟ್ಯಾಕ್ಡ್' ಅಂದರೆ ಹೊಡೆದ ಹಾಗೆ ಕೇಳುತ್ತೆ, 'ಸ್ಕೋಲ್ಡೆಡ್' ಅಂದರೆ ಸಪ್ಪೆ, ಏನು ಹಾಕಲಿ ಅಂತ ಕೇಳಿದ್ದೀರಿ.

ನಾನಾದರೆ 'ಟೇರ್ ಇಂಟು' ಹಾಕುತ್ತೇನೆ. 'ದ ಮ್ಯಾನೇಜರ್ ಟೋರ್ ಇಂಟು ಹಿಮ್.' ಅಷ್ಟೇ ಸಾಕು, ಓದುವವರಿಗೆ ಬೈಗುಳದ ಬಿಸಿ ತಟ್ಟುತ್ತೆ. 'ಲೇ ಇಂಟು' ಕೂಡ ನಡೆಯುತ್ತೆ, ಆದರೆ ಅದು ನಿಜವಾಗಿ ಬಡಿಯೋದಕ್ಕೂ ಬಳಕೆಯಲ್ಲಿದೆ. ಪಕ್ಕದಲ್ಲಿ 'ವಿತ್ ಎ ಸ್ಟಿಕ್' ಅಂತ ಬಂದರೆ ದೊಣ್ಣೆ ಏಟೇ. ತಮಾಷೆ ಅಂದರೆ ಎರಡೂ ಊಟಕ್ಕೂ ಆಗುತ್ತವೆ. ಹಸಿದವನು ಬಿರಿಯಾನಿ ಮೇಲೆ ಮುಗಿಬಿದ್ದ ಅನ್ನೋದಕ್ಕೂ 'ಟೋರ್ ಇಂಟು' ಅನ್ನಬಹುದು.

ಮ್ಯಾನೇಜರ್ ಕೂಗಾಡದೆ ತಣ್ಣಗೆ ನೀರಿಳಿಸುವ ಜಾತಿಯಾ? ಹಾಗಾದರೆ 'ಗೇವ್ ಹಿಮ್ ಎ ಡ್ರೆಸಿಂಗ್ ಡೌನ್' ಒಪ್ಪುತ್ತೆ. ಇದು ಮೇಲಿನವರು ಕೆಳಗಿನವರಿಗೆ ಮಾಡುವ ಮಂಗಳಾರತಿ. ಬರೀ 'ಡ್ರೆಸ್ ಡೌನ್' ಅಂದರೆ ಆಫೀಸಿಗೆ ಟೀ ಶರ್ಟ್ ಹಾಕಿಕೊಂಡು ಬರೋದು ಅಂತಲೂ ಆಗುತ್ತೆ, ಅದಕ್ಕೇ ನಾಮಪದದ ರೂಪವೇ ವಾಸಿ. 'ಟೆಲ್ ಆಫ್' ಇಲ್ಲಿಗೆ ಬೇಡ. ಅದು ಹೋಮ್‌ವರ್ಕ್ ಮಾಡದ ಹುಡುಗನಿಗೆ ಮೇಷ್ಟ್ರು ಗದರುವ ಮಟ್ಟದ್ದು.

ಪದಗಳ ಜಾಗದಲ್ಲೂ ಒಂದು ಕೊಕ್ಕೆ ಇದೆ. 'ಟೋಲ್ಡ್ ಹಿಮ್ ಆಫ್' ಸರಿ, 'ಟೋಲ್ಡ್ ಆಫ್ ಹಿಮ್' ತಪ್ಪು. 'ಟೇರ್ ಇಂಟು' ಇದಕ್ಕೆ ಉಲ್ಟಾ, ನಡುವೆ 'ಹಿಮ್' ತೂರಿಸುವ ಹಾಗಿಲ್ಲ. ಇದರಲ್ಲಿ ಭಾರಿ ಎಡವಟ್ಟಾಗೋದು 'ಟರ್ನ್ ಆನ್'ನಲ್ಲಿ. 'ಶೀ ಟರ್ನ್ಡ್ ಆನ್ ಹಿಮ್' ಅಂದರೆ ಅವನ ಮೇಲೆ ತಿರುಗಿ ಬಿದ್ದಳು. 'ಶೀ ಟರ್ನ್ಡ್ ಹಿಮ್ ಆನ್' ಅಂದರೆ ಅವನಲ್ಲಿ ಕಾಮ ಕೆರಳಿಸಿದಳು! ಪದಗಳು ಅವೇ, ಕಥೆಯೇ ಬೇರೆ.

ಆ ಕೆಲಸದವನು ಕೊನೆಗೆ ಸಹಿಸಲಾರದೆ ತಿರುಗಿ ಬೀಳುತ್ತಾನಾ? ಅಲ್ಲಿ 'ರೌಂಡ್ ಆನ್' ಹಾಕಿ. 'ಹೀ ರೌಂಡೆಡ್ ಆನ್ ದ ಮ್ಯಾನೇಜರ್.' ಅಷ್ಟು ಹೊತ್ತು ಸುಮ್ನಿದ್ದವನು ಗಕ್ಕನೆ ಎಗರಿ ಬಿದ್ದ ಅನ್ನೋ ಚಿತ್ರ ಅದರಲ್ಲೇ ಇದೆ. ನನಗೆ ಈ ಗುಂಪಿನಲ್ಲಿ ಜಾಸ್ತಿ ಇಷ್ಟ ಇದೇ. 'ಲ್ಯಾಶ್ ಔಟ್ ಅಟ್' ಬೇರೆ ಥರ, ಹಿಡಿತ ತಪ್ಪಿದ ಸಿಟ್ಟು. ಎಷ್ಟೋ ಸಲ ಯಾರ ಮೇಲಿನದನ್ನೋ ಇನ್ಯಾರ ಮೇಲೋ ಕಾರಿಕೊಳ್ಳೋದು. 'ಹಿಟ್ ಔಟ್ ಅಟ್' ಪೇಪರಿನವರ ಸೊತ್ತು. ನಮ್ಮ ಪತ್ರಿಕೆಗಳಲ್ಲಿ ರಾಜಕಾರಣಿಗಳು 'ವಾಗ್ದಾಳಿ' ನಡೆಸುತ್ತಾರಲ್ಲ, ಅದೇ. ನಿಮ್ಮ ಆಫೀಸ್ ದೃಶ್ಯಕ್ಕೆ ಅದು ಹೊಂದಲ್ಲ.

ಓದುಗರು ಯಾವ ದೇಶದವರು ಅನ್ನೋದನ್ನೂ ನೋಡಿಕೊಳ್ಳಿ. 'ಹೀ ಟಿಕ್ಡ್ ಮಿ ಆಫ್' ಅಂದರೆ ಬ್ರಿಟನ್‌ನಲ್ಲಿ ನನಗೆ ಬೈದ ಅಂತ, ಅಮೆರಿಕದಲ್ಲಿ ನನಗೆ ರೇಗಿಸಿದ ಅಂತ. ಅಮೆರಿಕದವರಿಗಾಗಿ ಬರೆಯುತ್ತಿದ್ದರೆ 'ಚ್ಯೂಡ್ ಹಿಮ್ ಔಟ್' ಅನ್ನಿ, ಗೊಂದಲವಿಲ್ಲ. ಇನ್ನು ಮ್ಯಾನೇಜರ್ ಇದನ್ನೇ ದಿನಾ ಅವನೊಬ್ಬನಿಗೇ ಮಾಡುತ್ತಿದ್ದರೆ ಅದಕ್ಕೆ 'ಪಿಕ್ ಆನ್' ಇದೆ, ಆದರೆ ಒಂದೇ ಸಲದ ಜಾಡಿಸುವಿಕೆಗೆ ಅದು ಸಲ್ಲದು.