ಬಿದ್ದವರನ್ನು ನೋಡಿ ಬದಲಾಗುವ ವಾದ್ಯ: ಒಬ್ಬ ಬರಹಗಾರರಿಗೆ ಸಂಪಾದಕರ ಪತ್ರ

ಪ್ರಿಯ ಬರಹಗಾರರೇ,

‘ಕಿರುತೆರೆಯ ಕ್ರೌರ್ಯ’ ಎಂಬ ನಿಮ್ಮ ಒಂಬತ್ತು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಧಾರಾವಾಹಿಗಳಲ್ಲಿ ಪೆಟ್ಟು, ಅಂಗವೈಕಲ್ಯ, ಅವಮಾನಗಳನ್ನು ನಗೆಯ ಸರಕನ್ನಾಗಿ ಮಾಡಿಕೊಂಡಿದ್ದಾರೆ, ನಾವು ಅದನ್ನು ಊಟದ ತಟ್ಟೆ ಹಿಡಿದುಕೊಂಡು ನೋಡಿ ನಗುತ್ತೇವೆ ಎಂಬುದು ನಿಮ್ಮ ಆಕ್ಷೇಪ. ಆಕ್ಷೇಪ ನ್ಯಾಯವಾದದ್ದೇ, ವಿಷಯವೂ ಬರೆಯಲು ಯೋಗ್ಯವಾದದ್ದೇ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ‘ಸ್ಥಳಾಭಾವದಿಂದ’ ಎಂದು ಎರಡು ಸಾಲು ಬರೆದು ಮುಗಿಸಬಹುದಿತ್ತು. ಏಳನೆಯ ಪುಟದಲ್ಲಿರುವ ಒಂದು ಪ್ಯಾರಾ ಹಾಗೆ ಮಾಡಲು ಬಿಡಲಿಲ್ಲ. ಅದರ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಮೊದಲ ನಾಲ್ಕು ಪುಟಗಳಲ್ಲಿ ಒಂದೇ ಒಂದು ದೃಶ್ಯವೂ ಇಲ್ಲ. ‘ಇಂದಿನ ಧಾರಾವಾಹಿಗಳು ಸಮಾಜದ ಸ್ವಾಸ್ಥ್ಯವನ್ನು ಹಾಳುಗೆಡವುತ್ತಿವೆ’ ಎಂಬ ಮಾತನ್ನು ಧಾರಾವಾಹಿಯನ್ನೇ ನೋಡದವರೂ ಬರೆಯಬಹುದು. ಹೆಚ್ಚಾಗಿ ಬರೆಯುವವರೂ ಅವರೇ. ನೀವು ನೋಡಿದ್ದೀರಿ ಎಂಬುದು ನನಗೆ ಗೊತ್ತಾದದ್ದು ಮೂರನೆಯ ಪುಟದ ಒಂದು ವಾಕ್ಯದಿಂದ: ‘ಮನೆಗೆಲಸದವಳು ಎಣ್ಣೆಯ ಮೇಲೆ ಜಾರಿ ಬೀಳುವುದನ್ನು ಹಾಸ್ಯವೆಂದು ತೋರಿಸುತ್ತಾರೆ.’ ಅಲ್ಲಿಗೆ ಪೂರ್ಣವಿರಾಮ ಹಾಕಿ ಮುಂದೆ ಹೋಗಿಬಿಟ್ಟಿದ್ದೀರಿ. ನೀವು ನಿಂತು ನೋಡಬೇಕಾಗಿದ್ದದ್ದು ಅಲ್ಲಿಯೇ.

ಆ ಎಣ್ಣೆಯನ್ನೇ ತೆಗೆದುಕೊಳ್ಳೋಣ. ವರ್ಷಗಟ್ಟಲೆ ಧಾರಾವಾಹಿ ನೋಡಿದವರಿಗೆ ಅದು ತಮ್ಮ ಮನೆಯ ಹೊಸ್ತಿಲಿನಷ್ಟೇ ಪರಿಚಿತ. ಬಸುರಿಯಾದ ನಾಯಕಿ ಮೆಟ್ಟಿಲಿಳಿದು ಬರುವ ಹೊತ್ತಿಗೆ ಖಳನಾಯಕಿ ಕೆಳಗೆ ಎಣ್ಣೆ ಚೆಲ್ಲಿರುತ್ತಾಳೆ. ನಾಯಕಿಯ ಪಾದ ಎಣ್ಣೆಯತ್ತ ಸರಿಯುವುದನ್ನು ನಿಧಾನಗತಿಯಲ್ಲಿ ಮೂರು ಕಡೆಗಳಿಂದ ತೋರಿಸಿ, ನಗಾರಿ ಬಾರಿಸಿ, ಮನೆಯವರೆಲ್ಲರ ಮುಖಗಳನ್ನೂ ಒಂದೊಂದಾಗಿ ಹತ್ತಿರಕ್ಕೆ ತಂದು, ಆಕೆ ಬಿದ್ದಳೋ ಉಳಿದಳೋ ಎಂಬುದನ್ನು ಮರುದಿನದ ಸಂಚಿಕೆಗೆ ಮುಂದೂಡುತ್ತಾರೆ. ಈಗ ಅದೇ ಎಣ್ಣೆಯ ಮೇಲೆ ಅಡುಗೆಯವನು ಕಾಲಿಡಲಿ, ಇಲ್ಲವೇ ಆ ಮನೆಯಲ್ಲೇ ಠಿಕಾಣಿ ಹೂಡಿರುವ ದಪ್ಪ ಮೈಯ ಸೋದರಮಾವ ಕಾಲಿಡಲಿ. ನಗಾರಿ ಮಾಯವಾಗಿ, ಸ್ಪ್ರಿಂಗನ್ನು ಎಳೆದುಬಿಟ್ಟಂತಹ ‘ಟೊಂಯ್’ ಎಂಬ ಸದ್ದು ಬರುತ್ತದೆ, ಅದರ ಬೆನ್ನಿಗೇ ಒಂದು ಪೀಪಿ. ಬಿದ್ದವನು ಸೊಂಟ ಹಿಡಿದುಕೊಂಡು ‘ಅಯ್ಯೋ’ ಎಂದರೆ ಆ ‘ಅಯ್ಯೋ’ ಕೂಡ ಹಿನ್ನೆಲೆ ಸಂಗೀತದೊಳಗೇ ಸೇರಿಹೋಗುತ್ತದೆ. ನಾಯಕಿಯ ಬೀಳದ ಬೀಳುವಿಕೆಗೆ ಆಸ್ಪತ್ರೆ, ಹರಕೆ, ಉರುಳುಸೇವೆ ಎಂದು ಎರಡು ವಾರ ಕಥೆ ನಡೆದರೆ, ನಿಜವಾಗಿ ಬಿದ್ದ ಅಡುಗೆಯವನು ಮುಂದಿನ ದೃಶ್ಯದಲ್ಲೇ ಕಾಫಿಯ ತಟ್ಟೆ ಹಿಡಿದು ಓಡಾಡುತ್ತಿರುತ್ತಾನೆ. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಬಂದನೆಂದರೆ ಆ ಪಟ್ಟಿಯೂ ನಗೆಗೇ. ಎಣ್ಣೆ, ನೆಲ, ಮೂಳೆ ಯಾವುದೂ ಬದಲಾಗಿಲ್ಲ. ಬಿದ್ದವರು ಯಾರು ಎಂಬುದನ್ನು ನೋಡಿಕೊಂಡು ವಾದ್ಯ ಬದಲಾಗಿದೆ, ಅವರ ನೋವನ್ನು ಕಥೆ ನೆನಪಿಟ್ಟುಕೊಳ್ಳಬೇಕೇ ಮರೆಯಬೇಕೇ ಎಂಬುದೂ ಅದರ ಜೊತೆಯಲ್ಲೇ ತೀರ್ಮಾನವಾಗಿದೆ. ನಿಮ್ಮ ಲೇಖನ ಹೇಳಬೇಕಾಗಿದ್ದ ಮಾತು ಇದು. ‘ಕ್ರೌರ್ಯ’ ಎಂಬ ಪದವನ್ನು ಇಪ್ಪತ್ತಮೂರು ಸಲ ಬಳಸಿದ್ದೀರಿ, ನಾನು ಎಣಿಸಿದ್ದೇನೆ. ಆದರೆ ಈ ವಾದ್ಯ ನಿಮ್ಮ ಕಿವಿಗೆ ಬಿದ್ದಂತಿಲ್ಲ.

ಆದ್ದರಿಂದ ನನ್ನ ಮೊದಲ ಸಲಹೆ ಬರವಣಿಗೆಗೆ ಸಂಬಂಧಿಸಿದ್ದೇ ಅಲ್ಲ. ನಿಮಗೆ ಕೋಪ ಬರಿಸಿದ ಒಂದೇ ಒಂದು ದೃಶ್ಯವನ್ನು ಆರಿಸಿಕೊಂಡು ಮೊದಲು ಹಾಗೆಯೇ ನೋಡಿ, ಆಮೇಲೆ ಸದ್ದನ್ನು ಪೂರ್ತಿ ಅಡಗಿಸಿ ಮತ್ತೊಮ್ಮೆ ನೋಡಿ. ಸದ್ದಿಲ್ಲದಿರುವಾಗ ಒಬ್ಬ ಮಧ್ಯವಯಸ್ಸಿನ ಹೆಂಗಸು ಬೆನ್ನಡಿಯಾಗಿ ನೆಲಕ್ಕೆ ಬೀಳುವುದಷ್ಟೇ ಕಾಣುತ್ತದೆ, ನಗು ಎಲ್ಲಿಂದಲೂ ಹುಟ್ಟುವುದಿಲ್ಲ. ಅಮೆರಿಕದ ದೂರದರ್ಶನದಲ್ಲಿ 1950ರ ದಶಕದಲ್ಲಿ ಚಾರ್ಲ್ಸ್ ಡಗ್ಲಸ್ ಎಂಬ ಧ್ವನಿ ತಂತ್ರಜ್ಞ, ಮುದ್ರಿಸಿಟ್ಟ ನಗುವನ್ನು ಬೇಕಾದಲ್ಲಿ ಸೇರಿಸಲೆಂದೇ ಒಂದು ಯಂತ್ರವನ್ನು ಕಟ್ಟಿದ್ದ. ನಮ್ಮ ಧಾರಾವಾಹಿಗಳು ಆ ನಗುವಿನ ಬದಲಿಗೆ ‘ಟೊಂಯ್’ ಅನ್ನು ಇಟ್ಟುಕೊಂಡಿವೆ. ಹಾಸ್ಯ ಸ್ಪರ್ಧೆಗಳಲ್ಲಿ ಅದೇ ಕೆಲಸವನ್ನು ತೀರ್ಪುಗಾರರ ಬಿದ್ದು ಬಿದ್ದು ನಗುವ ಮುಖಗಳು ಮಾಡುತ್ತವೆ.

ಇದು ಹೀಗೇಕೆ ನಡೆಯುತ್ತದೆ ಎಂಬ ಪ್ರಶ್ನೆಗೆ ನೀವು ‘ನಿರ್ಮಾಪಕರ ವಿಕೃತ ಮನಸ್ಸು’ ಎಂದು ಉತ್ತರ ಬರೆದಿದ್ದೀರಿ. ಇದು ಸೋಮಾರಿ ಉತ್ತರ. ವಾರಕ್ಕೆ ಐದಾರು ಸಂಚಿಕೆಗಳನ್ನು ಒದಗಿಸಬೇಕಾದ, ವಾರ ವಾರವೂ ಟಿಆರ್‌ಪಿ ಅಂಕಿಯ ಮುಂದೆ ಕೈಕಟ್ಟಿ ನಿಲ್ಲಬೇಕಾದ ಉದ್ಯಮದಲ್ಲಿ ಮಾತಿನಿಂದ ನಗಿಸುವುದು ದುಬಾರಿಯ ಕೆಲಸ. ಒಂದು ಒಳ್ಳೆಯ ನಗೆಮಾತು ಹೊಳೆಯಲು ಸಂಭಾಷಣೆಕಾರನಿಗೆ ಅರ್ಧ ದಿನ ಬೇಕಾಗಬಹುದು. ಜಾರಿ ಬೀಳಲು ಸಂಭಾಷಣೆಯೇ ಬೇಕಿಲ್ಲ. ಒಂದು ಭಾಷೆಯ ಧಾರಾವಾಹಿ ಇನ್ನೊಂದು ಭಾಷೆಗೆ ರಿಮೇಕ್ ಆಗುವಾಗ ಮಾತಿನ ಚಮತ್ಕಾರ ದಾರಿಯಲ್ಲೇ ಸೋರಿಹೋಗುತ್ತದೆ, ಬೀಳುವಿಕೆ ಮಾತ್ರ ಇಡಿಯಾಗಿ ದಾಟುತ್ತದೆ. ಇದನ್ನು ಸಮರ್ಥನೆಯೆಂದು ಹೇಳುತ್ತಿಲ್ಲ. ಆದರೆ ವಿಕೃತ ಮನಸ್ಸಿಗಿಂತ ಈ ಅವಸರ ಹೆಚ್ಚು ಭಯಪಡಬೇಕಾದದ್ದು, ಏಕೆಂದರೆ ಯಾರಿಗೂ ದ್ವೇಷವಿಲ್ಲದೆಯೇ ಇಲ್ಲಿ ದಿನವೂ ಒಬ್ಬ ಕೆಲಸದವಳು ಬೀಳುತ್ತಿರುತ್ತಾಳೆ. ಸಾಧ್ಯವಾದರೆ ಧಾರಾವಾಹಿಗೆ ಸಂಭಾಷಣೆ ಬರೆಯುವ ಒಬ್ಬರನ್ನು, ಇಲ್ಲವೇ ಧ್ವನಿ ಸಂಕಲನ ಮಾಡುವವರನ್ನು ಕಂಡು ಮಾತನಾಡಿ. ಬೈಯಲು ಹೋಗಬೇಡಿ, ಕೇಳಲು ಹೋಗಿ.

ಎರಡನೆಯ ತೊಡಕು ಪರಂಪರೆಯ ಮಾತು. ‘ಪರರ ನೋವಿಗೆ ನಗುವ ಪದ್ಧತಿ ನಮ್ಮಲ್ಲಿ ಇರಲೇ ಇಲ್ಲ, ಇದು ಪಶ್ಚಿಮದಿಂದ ಬಂದ ರೋಗ’ ಎಂಬ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಬೀಳುವ, ಪೆಟ್ಟು ತಿನ್ನುವ ಹಾಸ್ಯಕ್ಕಿರುವ ‘ಸ್ಲ್ಯಾಪ್‌ಸ್ಟಿಕ್’ ಎಂಬ ಹೆಸರು ಇಟಲಿಯ ಹಳೆಯ ಹಾಸ್ಯ ನಾಟಕಗಳಲ್ಲಿ ಬಳಸುತ್ತಿದ್ದ, ಎರಡು ತೆಳು ಹಲಗೆಗಳನ್ನು ಜೋಡಿಸಿದ ಕೋಲಿನಿಂದ ಬಂದದ್ದು ನಿಜ. ಅದು ಮೈಗೆ ತಾಗಿದರೆ ಸದ್ದು ದೊಡ್ಡದು, ಪೆಟ್ಟು ಚಿಕ್ಕದು. ಆದರೆ ಭರತನ ನಾಟ್ಯಶಾಸ್ತ್ರ ವಿದೂಷಕನನ್ನು ವರ್ಣಿಸುವಾಗ ಕುಳ್ಳ, ಉಬ್ಬುಹಲ್ಲಿನವನು, ಗೂನುಬೆನ್ನಿನವನು, ಬೋಳುತಲೆಯವನು, ವಿಕಾರವಾದ ಮುಖದವನು ಎಂದೇ ಪಟ್ಟಿ ಮಾಡುತ್ತದೆ. ದೇಹವನ್ನು ನೋಡಿ ನಗುವುದು ನಮಗೇನೂ ಹೊಸತಲ್ಲ. ವ್ಯತ್ಯಾಸ ಇರುವುದು ಬೇರೆ ಕಡೆ: ಆ ವಿದೂಷಕ ರಾಜನ ಗೆಳೆಯ, ರಾಜನಿಗೇ ಎದುರು ಮಾತನಾಡುವ ಸಲುಗೆ ಅವನಿಗಿತ್ತು. ಧಾರಾವಾಹಿಯ ಅಡುಗೆಯವನಿಗೆ ಬೀಳುವ ಕೆಲಸವಿದೆ, ತಿರುಗಿ ಒಂದು ಮಾತನಾಡುವ ಅವಕಾಶವಿಲ್ಲ.

ಅದೇ ನಾಟ್ಯಶಾಸ್ತ್ರ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವ ಇನ್ನೊಂದು ಮಾತನ್ನೂ ಹೇಳುತ್ತದೆ. ಭರತನ ಪ್ರಕಾರ ಹಾಸ್ಯ ಹುಟ್ಟುವುದು ಶೃಂಗಾರದಿಂದ; ರೌದ್ರದಿಂದ ಹುಟ್ಟುವುದು ಕರುಣ. ಹೊಡೆತದ ಫಲ ಅಳು ಎಂಬ, ಮಗುವಿಗೂ ತಿಳಿದಿರುವ ಸಂಗತಿಯನ್ನು ಆತ ಶಾಸ್ತ್ರವಾಗಿ ಹೇಳಿದ. ರೌದ್ರದಿಂದ ನೇರವಾಗಿ ಹಾಸ್ಯಕ್ಕೆ ಹಾರುವ ನಮ್ಮ ಧಾರಾವಾಹಿಗಳು ನಡುವೆ ಇರುವ ಕರುಣದ ಮೇಲೆ ‘ಟೊಂಯ್’ ಬಾರಿಸಿ ದಾಟಿಕೊಳ್ಳುತ್ತವೆ. ಮಯನ ಸಭೆಯನ್ನೂ ನೆನೆಸಿಕೊಳ್ಳಿ. ನೆಲವೆಂದು ಭ್ರಮಿಸಿ ದುರ್ಯೋಧನ ಕೊಳಕ್ಕೆ ಬಿದ್ದು ತೊಯ್ದು ನಿಂತಾಗ ಭೀಮಾದಿಗಳು ನಕ್ಕರು. ಜನರ ಬಾಯಲ್ಲಿ ಉಳಿದ ಕಥೆಯಲ್ಲಿ ದ್ರೌಪದಿಯೂ ನಕ್ಕಳು. ಕೇಳುವ ನಮಗೂ ಆ ಕ್ಷಣ ನಗು ಬರುತ್ತದೆ. ಆದರೆ ಆ ಕಥೆ ಬಿದ್ದವನನ್ನು ಮರೆಯುವುದಿಲ್ಲ. ಒದ್ದೆ ಬಟ್ಟೆಯ ಆ ಅವಮಾನದ ಹಿಂದೆಯೇ ನಡೆದು ಪಗಡೆಯ ಹಾಸಿನವರೆಗೂ ಹೋಗುತ್ತದೆ.

‘ನೋವಿನಿಂದ ನಗೆ ಹುಟ್ಟಲೇಬಾರದು’ ಎಂಬ ನಿಮ್ಮ ತೀರ್ಪನ್ನೂ ಈ ಕಾರಣಕ್ಕೇ ಒಪ್ಪಲಾರೆ. 1925ರ ‘ದಿ ಗೋಲ್ಡ್ ರಶ್’ ಚಿತ್ರದಲ್ಲಿ ಹಸಿದ ಚಾಪ್ಲಿನ್ ತನ್ನ ಬೂಟನ್ನು ಬೇಯಿಸಿ, ಅದರ ದಾರವನ್ನು ಶ್ಯಾವಿಗೆಯಂತೆ ಸುತ್ತಿ, ಮೊಳೆಗಳನ್ನು ಮೂಳೆಯಂತೆ ಚೀಪುತ್ತಾನೆ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತೇವೆ, ಅವನ ಹಸಿವು ಸುಳ್ಳೆಂದು ಒಂದು ಕ್ಷಣವೂ ಅನ್ನಿಸುವುದಿಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿಯುವುದು ಕಷ್ಟದ ಕಸುಬು. ಎಲ್ಲ ನಗೆಯನ್ನೂ ಒಂದೇ ಕೋಲಿನಿಂದ ಹೊಡೆದರೆ ಓದುಗರು ನಿಮ್ಮನ್ನು ನಗಲು ಬಾರದವರೆಂದು ತಿಳಿದು ಪುಟ ತಿರುವುತ್ತಾರೆ.

ಇನ್ನು ಸಂಗತಿಗಳ ವಿಷಯ. ‘ಧಾರಾವಾಹಿಗಳಿಗೆ ಯಾವ ಕಾನೂನೂ ಇಲ್ಲ’ ಎಂಬುದು ತಪ್ಪು. 1995ರ ಕೇಬಲ್ ಟೆಲಿವಿಷನ್ ಕಾಯ್ದೆಯಿದೆ, 1994ರ ನಿಯಮಗಳ ಆರನೆಯ ನಿಯಮದಲ್ಲಿ ಕಾರ್ಯಕ್ರಮ ಸಂಹಿತೆಯಿದೆ, 2011ರಿಂದ ವಾಹಿನಿಗಳ ಒಕ್ಕೂಟವೇ ರಚಿಸಿಕೊಂಡ ದೂರು ಮಂಡಳಿಯೂ ಇದೆ. ಸಿನಿಮಾಕ್ಕೆ ಬೇಕಾದಂತೆ ಧಾರಾವಾಹಿಗೆ ಮುಂಚಿತವಾಗಿ ಪ್ರಮಾಣಪತ್ರ ಬೇಕಿಲ್ಲ. ಪ್ರಸಾರವಾದ ಮೇಲೆ ಯಾರಾದರೂ ದೂರಬೇಕು. ಅಡುಗೆಯವನು ಜಾರಿ ಬಿದ್ದನೆಂದು ಯಾರು ದೂರುತ್ತಾರೆ? ನೀವು ಕೇಳಬಹುದಾಗಿದ್ದ ಪ್ರಶ್ನೆ ಇದು. ತೊದಲುವ, ಕುಂಟುವ ಪಾತ್ರಗಳ ಬಗ್ಗೆ ಬರೆದಿರುವಲ್ಲಿ, 2024ರ ಜುಲೈ 8ರಂದು ಸುಪ್ರೀಂ ಕೋರ್ಟ್ ಒಂದು ಸಿನಿಮಾದ ಪ್ರಕರಣದಲ್ಲಿ ನೀಡಿದ ತೀರ್ಪನ್ನು ಓದಿಕೊಳ್ಳಿ. ವೈಕಲ್ಯದ ಕುರಿತ ರೂಢಿಯ ಗ್ರಹಿಕೆಯನ್ನು ಪ್ರಶ್ನಿಸುವ ಹಾಸ್ಯವನ್ನೂ ವೈಕಲ್ಯವುಳ್ಳವರನ್ನು ಕೀಳಾಗಿಸುವ ಹಾಸ್ಯವನ್ನೂ ಅದು ಬೇರೆ ಬೇರೆಯಾಗಿ ನೋಡುತ್ತದೆ. ನಿಮ್ಮ ಲೇಖನ ಎರಡನ್ನೂ ಕಲಸಿಬಿಟ್ಟಿದೆ.

‘ಇಂತಹ ದೃಶ್ಯಗಳಿಂದಲೇ ಮನೆಗಳಲ್ಲಿ ಹಿಂಸೆ ಹೆಚ್ಚಿದೆಯೆಂದು ಸಂಶೋಧನೆಗಳು ಸಾಬೀತುಪಡಿಸಿವೆ’ ಎಂದೂ ಬರೆದಿದ್ದೀರಿ. ಯಾವ ಸಂಶೋಧನೆ ಎಂದು ಹೇಳಿಲ್ಲ, ಹಾಗಾಗಿ ಅದನ್ನು ತೆಗೆಯಿರಿ. ಅದರ ಬದಲು, ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ, 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ ಎಂಬುದನ್ನು ಇಟ್ಟುಕೊಂಡು ಯೋಚಿಸಿ. ಧಾರಾವಾಹಿ ಹಿಂಸೆಯನ್ನು ಹುಟ್ಟಿಸುತ್ತದೆಯೋ ಇಲ್ಲವೋ ಎಂಬ ವಾದಕ್ಕೆ ನೀವು ಇಳಿಯಬೇಕಾಗಿಯೇ ಇಲ್ಲ. ಹಾಸ್ಯ ಸ್ಪರ್ಧೆಯಲ್ಲಿ ಸೀರೆ ಉಟ್ಟ ಗಂಡಸೊಬ್ಬ ಹೆಂಡತಿಯ ಪಾತ್ರ ಮಾಡಿ ‘ಗಂಡ’ನಿಂದ ಕಪಾಳಕ್ಕೆ ಹೊಡೆಸಿಕೊಂಡು ವೇದಿಕೆಯ ಮೇಲೆ ಗಿರಗಿರನೆ ತಿರುಗುವಾಗ, ಆ ಏಟಿನ ಉರಿಯನ್ನು ಕೆನ್ನೆಯಿಂದಲೇ ಬಲ್ಲವರು ಎಷ್ಟು ಮಂದಿ ಆ ಹೊತ್ತಿನಲ್ಲಿ ಮಕ್ಕಳ ಪಕ್ಕದಲ್ಲಿ ಕುಳಿತು ನಗಬೇಕಾಗಿ ಬರುತ್ತದೆ ಎಂಬುದಷ್ಟೇ ಸಾಕು.

ಈಗ ಹೇಳಲು ಸ್ವಲ್ಪ ಮುಜುಗರವಾಗುವ ಮಾತು. ಐದನೆಯ ಪುಟದಲ್ಲಿ, ಪಕ್ಕದ ಮನೆಯ ಆಂಟಿ ಎಂಟು ಗಂಟೆಗೆ ಟಿವಿಯ ಮುಂದೆ ‘ಸೋಫಾ ನರಳುವಂತೆ’ ಕುಸಿದು ಕೂರುವುದನ್ನು, ಅವರು ಎದ್ದೇಳಲು ಇಬ್ಬರ ಕೈಹಿಡಿಯಬೇಕಾಗುವುದನ್ನು ಅರ್ಧ ಪುಟ ವರ್ಣಿಸಿದ್ದೀರಿ. ಇಡೀ ಲೇಖನದಲ್ಲಿ ಓದುಗ ನಗಲಿ ಎಂದು ನೀವು ಬರೆದ ಭಾಗ ಅದೊಂದೇ, ಮತ್ತು ಅದನ್ನು ಓದುವಾಗ ನನಗೆ ‘ಟೊಂಯ್’ ಸ್ಪಷ್ಟವಾಗಿ ಕೇಳಿಸಿತು. ಮಂಡಿನೋವಿರುವ ಒಬ್ಬ ಹೆಂಗಸನ್ನು ನೀವೂ ಎಣ್ಣೆಯ ಮೇಲೆ ನಡೆಸಿದ್ದೀರಿ. ಅದನ್ನು ಅಳಿಸಿದರೆ ಸಾಕು ಎನ್ನುವವನಲ್ಲ ನಾನು. ಅದು ನಿಮ್ಮ ಲೇಖನಿಗೆ ಅಷ್ಟು ಸುಲಭವಾಗಿ ಹೇಗೆ ಬಂತು ಎಂಬುದನ್ನೇ ಬರೆಯುವ ಧೈರ್ಯವಿದ್ದರೆ ಬರೆಯಿರಿ.

ಏಳನೆಯ ಪುಟಕ್ಕೆ ಬರುತ್ತೇನೆ. ಬಚ್ಚಲುಮನೆಯಲ್ಲಿ ಜಾರಿ ಬಿದ್ದು, ಸೊಂಟದ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ, ವಾಕರ್ ಹಿಡಿದು ನಡೆಯುವ ನಿಮ್ಮ ಅಜ್ಜಿ ಎಲ್ಲರೊಂದಿಗೆ ಧಾರಾವಾಹಿ ನೋಡುತ್ತಿದ್ದರು. ಕೆಲಸದವಳು ಜಾರಿ ಬಿದ್ದಳು, ಮನೆಮಂದಿ ನಕ್ಕರು, ಅಜ್ಜಿ ಎಡಸೊಂಟದ ಮೇಲೆ ಅಂಗೈ ಒತ್ತಿ ಹಿಡಿದವರು ಜಾಹೀರಾತು ಮುಗಿಯುವವರೆಗೂ ಕೈ ತೆಗೆಯಲಿಲ್ಲ. ಐದು ಸಾಲು, ಅಷ್ಟೇ. ಮರುಸಾಲಿನಲ್ಲಿ ‘ಆದ್ದರಿಂದ ಸರ್ಕಾರ ಕೂಡಲೇ ಕ್ರಮ ಕೈಗೊಳ್ಳಬೇಕು’ ಎಂದು ಹಾರಿಬಿಟ್ಟಿದ್ದೀರಿ. ಆ ಅಂಗೈಯಿಂದ ವಿಧಾನಸೌಧಕ್ಕೆ ದಾರಿಯಿಲ್ಲ. ಇದ್ದರೂ ಅದನ್ನು ಓದುಗರೇ ಹುಡುಕಿಕೊಳ್ಳಲಿ.

ಲೇಖನವನ್ನು ಇಲ್ಲಿಂದ ಆರಂಭಿಸಿ. ಆ ಸಂಜೆ ಯಾರು ಎಲ್ಲಿ ಕುಳಿತಿದ್ದರು, ದೃಶ್ಯ ಯಾವುದು, ವಾದ್ಯ ಯಾವುದು ಎಂಬುದನ್ನು ನೆನಪಿಸಿಕೊಂಡು ಬರೆಯಿರಿ. ಅಜ್ಜಿ ಏನೂ ಹೇಳದಿದ್ದರೆ ಅವರ ಬಾಯಿಗೆ ಮಾತು ತುರುಕಬೇಡಿ. ‘ಮನೆಮಂದಿ ನಕ್ಕರು’ ಎಂದಿದ್ದೀರಿ. ಆ ಮನೆಮಂದಿಯಲ್ಲಿ ನೀವೂ ಇದ್ದಿರಿ, ನೀವು ನಕ್ಕಿರೋ ಇಲ್ಲವೋ ಎಂಬುದನ್ನು ಬರೆದಿಲ್ಲ. ನಕ್ಕಿದ್ದೀರಿ ಎಂದೇ ನನ್ನ ಊಹೆ. ನಾನಾಗಿದ್ದರೂ ನಗುತ್ತಿದ್ದೆ, ಆ ಸದ್ದು ಇರುವುದೇ ಅದಕ್ಕೆ. ಒಂದು ಸಾವಿರದ ಇನ್ನೂರು ಪದಗಳು ಸಾಕು. ಓದುಗರನ್ನು ‘ಯೋಚಿಸಿ’ ಎಂದು ಎಲ್ಲಿಯೂ ಕೇಳಿಕೊಳ್ಳಬೇಡಿ.

ಅಂಚಿನಲ್ಲಿ ಟಿಪ್ಪಣಿ ಬರೆದ ನಿಮ್ಮ ಪ್ರತಿಯನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ಕೆಂಪು ಶಾಯಿ ಸ್ವಲ್ಪ ಹೆಚ್ಚೇ ಆಗಿದೆ. ಏಳನೆಯ ಪುಟದ ಆ ಐದು ಸಾಲುಗಳನ್ನು ಮಾತ್ರ ಮುಟ್ಟಿಲ್ಲ.

ಇಂತಿ,
ಸಂಪಾದಕ