ಅನುವಾದದ ಪುಟಸಂಖ್ಯೆ ಬಿಡಿ, ಅಂಚಿನ ಸಂಖ್ಯೆ ಹಿಡಿಯಿರಿ

ನಿನ್ನೆ ನೀವು ಹಾಕಿದ ಗ್ರಂಥಸೂಚಿಯ ಚಿತ್ರವನ್ನು ಎರಡು ಸಲ ನೋಡಿದೆ. ‘ಕಾಂಟ್ 1998, ಪು. 193’, ‘ಪ್ಲೇಟೋ 1997, ಪು. 1132’, ‘ಆಚಾರ್ಯ, ಶಂಕರ, 1972’. ಇವನ್ನೆಲ್ಲ ಶಿಕಾಗೋ ಉಲ್ಲೇಖ ಶೈಲಿಗೆ ತರಲು ಯಾವ ತಂತ್ರಾಂಶ ಒಳ್ಳೆಯದು ಎಂದು ಕೇಳಿದ್ದೀರಿ. ಮೇಲೆ ಉತ್ತರಿಸಿದವರೆಲ್ಲ ತಂತ್ರಾಂಶದ ಹೆಸರನ್ನೇ ಹೇಳಿದ್ದಾರೆ. ಆದರೆ ಮೂಲದ ಸಂಖ್ಯೆ ಬಿಟ್ಟು ಅನುವಾದದ ಪುಟವನ್ನಷ್ಟೇ ಕೊಟ್ಟಿರುವ ಈ ಪಟ್ಟಿಯ ತಪ್ಪನ್ನು ಯಾವ ತಂತ್ರಾಂಶವೂ ತಿದ್ದಲಾರದು. ಅದೇ ತಪ್ಪನ್ನು ನಾನೂ ಮಾಡಿದ್ದೆ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಸಂಶೋಧನೆಯ ಮೂರನೆಯ ವರ್ಷ. ವಿಭಾಗದ ಗ್ರಂಥಾಲಯದಲ್ಲಿ ಕಾಂಟ್‌ನ ಮೊದಲ ವಿಮರ್ಶೆಗೆ, ಅಂದರೆ ‘ಶುದ್ಧ ಬುದ್ಧಿಯ ವಿಮರ್ಶೆ’ಗೆ (ಕ್ರಿಟೀಕ್ ಆಫ್ ಪ್ಯೂರ್ ರೀಸನ್), ನಾರ್ಮನ್ ಕೆಂಪ್ ಸ್ಮಿತ್ 1929ರಲ್ಲಿ ಮಾಡಿದ ಅನುವಾದವಿತ್ತು. ಅರ್ಧ ಟಿಪ್ಪಣಿ ಅದರಿಂದ. ಆಮೇಲೆ ಗೈಯರ್ ಮತ್ತು ವುಡ್ ಅವರ 1998ರ ಅನುವಾದ ಬಂತು, ಉಳಿದರ್ಧ ಅದರಿಂದ. ಊರಿಗೆ ಹೋದಾಗ ಕೈಯಲ್ಲಿ ಪುಸ್ತಕವಿಲ್ಲದೆ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಮೈಕಲ್‌ಜಾನ್ ಅನುವಾದದಿಂದಲೂ ಹತ್ತಾರು ಸಾಲು ಎತ್ತಿಕೊಂಡೆ. ಮೂರಕ್ಕೂ ಪುಟಸಂಖ್ಯೆ ಮಾತ್ರ ಬರೆದುಕೊಂಡಿದ್ದೆ. ಲೇಖನ ಕಳುಹಿಸಿದ ನಾಲ್ಕು ತಿಂಗಳಿಗೆ ಹಿಂದಿರುಗಿತು. ಲೇಖಕರು ಯಾವ ವಾಕ್ಯವನ್ನು ಕುರಿತು ಮಾತನಾಡುತ್ತಿದ್ದಾರೆಂದು ಹಲವು ಕಡೆ ಪತ್ತೆಹಚ್ಚಲಾಗಲಿಲ್ಲ ಎಂದು ಪರಿಶೀಲಕರು ಬರೆದಿದ್ದರು.

ಕುಳಿತು ಒಂದೊಂದನ್ನೇ ಹುಡುಕಿದೆ. ಅರವತ್ತಮೂರು ಉಲ್ಲೇಖ, ಮೂರು ವಾರ. ಅದಕ್ಕಿಂತ ದೊಡ್ಡ ಪೆಟ್ಟು ಹುಡುಕುವಾಗಲೇ ಬಿತ್ತು. ಆ ಕೃತಿಯ 1781ರ ಮೊದಲ ಆವೃತ್ತಿಯನ್ನು ಎ ಎಂದೂ 1787ರ ಎರಡನೆಯದನ್ನು ಬಿ ಎಂದೂ ಕರೆಯುವುದು ನಿಮಗೆ ಗೊತ್ತು. ಪ್ರವರ್ಗಗಳ ನಿಗಮನದ (ನಮ್ಮ ಅರಿವಿನ ಮೂಲ ಪರಿಕಲ್ಪನೆಗಳಿಗೆ ಕಾಂಟ್ ಕೊಡುವ ಸಮರ್ಥನೆಯ) ಭಾಗವನ್ನು ಕಾಂಟ್ ಎರಡನೆಯ ಆವೃತ್ತಿಗೆ ಪೂರ್ತಿ ಹೊಸದಾಗಿ ಬರೆದ. ಎ 95ರಿಂದ 130ರವರೆಗಿನದು ಒಂದು ವಾದ, ಬಿ 129ರಿಂದ 169ರವರೆಗಿನದು ಇನ್ನೊಂದು. ನಾನು ಒಂದರ ಮೊದಲರ್ಧಕ್ಕೆ ಇನ್ನೊಂದರ ಕೊನೆಯನ್ನು ಹೊಲಿದು, ಆ ಹೊಲಿಗೆಯನ್ನು ಕಾಂಟ್‌ನ ವಾದವೆಂದು ಟೀಕಿಸಿದ್ದೆ. ಅನುವಾದದ ಅಂಚಿನಲ್ಲಿ ಅಚ್ಚಾಗಿರುವ ಈ ಮೂಲ ಪುಟಸಂಖ್ಯೆಯನ್ನು ಬರೆದುಕೊಂಡಿದ್ದರೆ ಮೊದಲ ದಿನವೇ ಕಣ್ಣಿಗೆ ಬೀಳುತ್ತಿತ್ತು. ಆ ಭಾಗವನ್ನು ಇಡಿಯಾಗಿ ತೆಗೆದುಹಾಕಬೇಕಾಯಿತು. ಉಲ್ಲೇಖದ ವಿಧಾನ ಗುಮಾಸ್ತರ ಕೆಲಸ, ಕೊನೆಯ ವಾರದಲ್ಲಿ ನೋಡಿಕೊಳ್ಳೋಣ ಎಂದು ಯಾರಾದರೂ ಹೇಳಿದರೆ ನನಗೆ ಕೋಪ ಬರುವುದು ಇದಕ್ಕಾಗಿಯೇ.

ಹಾಗಾಗಿ ಎರಡೂ ಆವೃತ್ತಿಗಳಲ್ಲಿ ಇರುವ ಮಾತಿಗೆ ‘ಎ 51/ಬಿ 75’ ಎಂದು ಎರಡನ್ನೂ ಕೊಡಿ. ಒಂದರಲ್ಲಿ ಮಾತ್ರ ಇದ್ದರೆ ಅದೊಂದನ್ನೇ ಕೊಡಿ. ಕಾಂಟ್ ಮಾಡುವ ವಿಜ್ಞಾನವಾದದ (ಐಡಿಯಲಿಸಂ) ಖಂಡನೆ ಬಿ 274ರಿಂದ ಶುರುವಾಗುತ್ತದೆ, ಅದಕ್ಕೆ ಎ ಸಂಖ್ಯೆಯೇ ಇಲ್ಲ. ಕಾಂಟ್‌ನ ಉಳಿದ ಕೃತಿಗಳಿಗೆ ಜರ್ಮನ್ ಸಮಗ್ರ ಕೃತಿಗಳ ಅಕಾಡೆಮಿ ಆವೃತ್ತಿಯ ಸಂಪುಟ ಮತ್ತು ಪುಟ, ‘4:421’ ಎಂಬಂತೆ. ಮೊದಲ ವಿಮರ್ಶೆಯ ಕೆಂಪ್ ಸ್ಮಿತ್, ಪ್ಲುಹಾರ್, ಗೈಯರ್–ವುಡ್ ಅನುವಾದಗಳು ಮೂರರಲ್ಲೂ ಅಂಚಿನ ಸಂಖ್ಯೆಗಳಿವೆ. ಮೈಕಲ್‌ಜಾನ್ 1855ರಲ್ಲಿ ಎರಡನೆಯ ಆವೃತ್ತಿಯಿಂದ ಅನುವಾದಿಸಿದರು. ಉಚಿತ ಪ್ರತಿಯಲ್ಲಿ ಆ ಸಂಖ್ಯೆಗಳು ಇರುವುದಿಲ್ಲ. ಓದಿಕೊಳ್ಳಲು ಬಳಸಿ, ಉಲ್ಲೇಖಕ್ಕೆ ದಯವಿಟ್ಟು ಬೇಡ.

ಪ್ಲೇಟೋವಿಗೆ 1578ರ ಸ್ಟೆಫಾನಸ್ ಗ್ರೀಕ್ ಮುದ್ರಣದ ಪುಟಸಂಖ್ಯೆ. ನಿಮ್ಮ 1132ನೆಯ ಪುಟ ಗುಹೆಯ ದೃಷ್ಟಾಂತದ್ದಾದರೆ ಅದು ‘ರಿಪಬ್ಲಿಕ್ 514ಎ’. ಸಂವಾದದ ಹೆಸರನ್ನು ಬಿಡಬೇಡಿ. ಆ ಮುದ್ರಣ ಮೂರು ಸಂಪುಟಗಳಲ್ಲಿದೆ, ಪ್ರತಿ ಸಂಪುಟದಲ್ಲೂ ಪುಟಸಂಖ್ಯೆ ಮತ್ತೆ ಒಂದರಿಂದ ಆರಂಭ. 172 ಎಂದಷ್ಟೇ ಬರೆದರೆ ಅದು ಸಿಂಪೋಸಿಯಂ ಆಗಬಹುದು, ಥಿಯಟೀಟಸ್ ಕೂಡ ಆಗಬಹುದು. ಅರಿಸ್ಟಾಟಲ್‌ನಿಗೆ ಬೆಕ್ಕರ್ ಸಂಪಾದಿಸಿದ ಗ್ರೀಕ್ ಮುದ್ರಣದ ಸಂಖ್ಯೆ, ಸಾಲಿನ ಸಮೇತ. ವಿಟ್‌ಗೆನ್‌ಸ್ಟೈನ್‌ನ ಟ್ರಾಕ್ಟೇಟಸ್‌ಗೆ ಅವನೇ ಕೊಟ್ಟ ದಶಮಾಂಶ ಸಂಖ್ಯೆ ಇರುವಾಗ ಪುಟ ಯಾಕೆ?

ನಮ್ಮ ಗ್ರಂಥಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಉಪನಿಷತ್ತಿಗೆ ‘ಛಾಂದೋಗ್ಯ 6.8.7’ ಎಂದರೆ ಸಾಕು, ಎಲ್ಲರಿಗೂ ಸಿಗುತ್ತದೆ. ಆದರೆ ಶಾಂಕರ ಭಾಷ್ಯಕ್ಕೆ ‘ಬ್ರಹ್ಮಸೂತ್ರಭಾಷ್ಯ 1.1.4’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಸಮನ್ವಯ ಸೂತ್ರವೆಂಬ ಆ ಒಂದು ಸೂತ್ರದ ಭಾಷ್ಯವೇ ಪುಟಗಟ್ಟಲೆ ಇದೆ. ಅಲ್ಲಿ ಸೂತ್ರಸಂಖ್ಯೆಯ ಜೊತೆಗೆ ನೀವು ಬಳಸಿದ ಸಂಸ್ಕೃತ ಮುದ್ರಣದ ಪುಟವೂ ಬೇಕು. ಶಂಕರರ ಪೀಠಿಕೆಯಾದ ಅಧ್ಯಾಸಭಾಷ್ಯ ಮೊದಲ ಸೂತ್ರಕ್ಕೂ ಮುಂಚಿನದು, ಅದಕ್ಕೆ 1.1.1 ಹಾಕುವುದು ತಪ್ಪು; ಉಪೋದ್ಘಾತ ಎಂದು ಬರೆದು ಪುಟ ಕೊಡಿ. ರಾಮಾನುಜರಲ್ಲಿ ಸೂತ್ರಗಳ ಎಣಿಕೆಯೇ ಬೇರೆ, ಇಬ್ಬರನ್ನೂ ಹೋಲಿಸುವ ಲೇಖನವಾದರೆ ಯಾರ ಎಣಿಕೆ ಎಂದು ಹೇಳಲೇಬೇಕು. ಬೃಹದಾರಣ್ಯಕದಲ್ಲಿ ಕಾಣ್ವ, ಮಾಧ್ಯಂದಿನ ಎಂಬ ಎರಡು ಪಾಠಗಳಿವೆ. ಶಂಕರರ ಭಾಷ್ಯ ಕಾಣ್ವಪಾಠಕ್ಕೆ.

ಇನ್ನು ‘ಆಚಾರ್ಯ, ಶಂಕರ’. ಆಚಾರ್ಯ ಎಂಬುದು ಗೌರವಸೂಚಕ ಪದ, ಮನೆತನದ ಹೆಸರಲ್ಲ. ‘ಶಂಕರ’ ಎಂದೇ ಪಟ್ಟಿಮಾಡಿ. ನಮ್ಮ ಹೆಸರುಗಳೆಂದರೆ ತಂತ್ರಾಂಶಗಳು ಕೊನೆಯ ಪದವನ್ನು ಮನೆತನದ ಹೆಸರೆಂದು ತಿಳಿಯುತ್ತವೆ. ‘ಹಿರಿಯಣ್ಣ, ಎಂ.’ ಸರಿಯಾಗಿ ಬರುತ್ತದೆ, ಅಲ್ಲಿ ಎಂ. ಎಂದರೆ ಮೈಸೂರು, ಅದನ್ನು ಬಿಡಿಸಿ ‘ಮೈಸೂರು, ಹಿರಿಯಣ್ಣ’ ಎಂದು ತಿರುಗಿಸಿದವರನ್ನೂ ನೋಡಿದ್ದೇನೆ. ಅವರ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆ ಇಂಗ್ಲಿಷಿನಲ್ಲಿ ಮೊದಲು ಬಂದದ್ದು 1932ರಲ್ಲಿ. ನಿಮ್ಮ ಕೈಯಲ್ಲಿರುವುದು 1993ರ ಮರುಮುದ್ರಣವೆಂದು ಬರೀ ‘1993’ ಎಂದರೆ, ಅರವತ್ತು ವರ್ಷ ಮುಂಚಿನ ವಾದವನ್ನು ನಿನ್ನೆಯದೆಂಬಂತೆ ತೋರಿಸಿದ ಹಾಗಾಗುತ್ತದೆ. ಎರಡೂ ವರ್ಷ ಕೊಡಿ.

ನನ್ನ ವಿಧಾನ ಇದು. ಪುಸ್ತಕ ತೆರೆದ ಕೂಡಲೇ ಟಿಪ್ಪಣಿ ಪುಟದ ಎಡಮೂಲೆಯಲ್ಲಿ ಮೂಲದ ಸಂಖ್ಯೆ, ಬಲಮೂಲೆಯಲ್ಲಿ ಅನುವಾದಕರ ಹೆಸರು, ವರ್ಷ, ಪುಟ. ಇವೆರಡೂ ಬೀಳದೆ ಒಂದು ವಾಕ್ಯವನ್ನೂ ಇಳಿಸಿಕೊಳ್ಳುವುದಿಲ್ಲ. ಮೊಬೈಲ್‌ನಲ್ಲಿ ಪುಟದ ಚಿತ್ರ ತೆಗೆಯುವವರು ಅಂಚು ಕತ್ತರಿಸಬೇಡಿ, ಬೇಕಾದದ್ದು ಅಂಚಿನಲ್ಲಿಯೇ ಇರುತ್ತದೆ. ಲೇಖನದ ಮೊದಲ ಅಡಿಟಿಪ್ಪಣಿಯಲ್ಲಿ ಸಂಕ್ಷೇಪಗಳನ್ನೂ ಬಳಸಿದ ಅನುವಾದಗಳನ್ನೂ ಒಮ್ಮೆ ಹೇಳಿ, ಮುಂದೆಲ್ಲ ಸಂಖ್ಯೆಯನ್ನು ಕೈಯಿಂದಲೇ ಬರೆಯುತ್ತೇನೆ. ಅನುವಾದವನ್ನು ನೀವೇ ತಿದ್ದಿದ್ದರೆ ಅದನ್ನೂ ಅಲ್ಲೇ ಹೇಳಬೇಕು.

ಆಧುನಿಕ ಲೇಖನಗಳಿಗೆ ಮಾತ್ರ ತಂತ್ರಾಂಶ. ಝೊಟೆರೊ ಸಾಕು, ಉಚಿತ. ಫೆಲೋಶಿಪ್ ಹಣದಲ್ಲಿ ಎಂಡ್‌ನೋಟ್ ಕೊಳ್ಳುವ ಅಗತ್ಯ ನನಗೆ ಕಂಡಿಲ್ಲ. ಝೊಟೆರೊದಲ್ಲಿ ‘ಎಕ್ಸ್‌ಟ್ರಾ’ ಎಂಬ ಜಾಗದಲ್ಲಿ ಮೂಲ ಪ್ರಕಟಣೆಯ ವರ್ಷ ಬರೆದರೆ ಶಿಕಾಗೋ ಶೈಲಿ ಅದನ್ನು ಎತ್ತಿಕೊಳ್ಳುತ್ತದೆ. ತತ್ತ್ವಶಾಸ್ತ್ರ ಲೇಖನಗಳ ಅಂತರ್ಜಾಲ ಸೂಚಿಯಾದ ಫಿಲ್‌ಪೇಪರ್ಸ್‌ನಿಂದ ತಂದುಕೊಂಡ ವಿವರವನ್ನೂ ಲೇಖನದ ಮೊದಲ ಪುಟದೊಂದಿಗೆ ತಾಳೆ ನೋಡಿ. ಕಾಪಿ ಮಾಡಿದ್ದೇನೆ, ಸರಿಯಿರುತ್ತದೆ ಎಂಬುದು ಸೋಮಾರಿತನ.

‘ಅದೇ’ ಎಂಬರ್ಥದ ಐಬಿಡ್ ಅನ್ನು ಕರಡಿನಲ್ಲಿ ಬಳಸಲೇಬೇಡಿ. ನಡುವೆ ಒಂದು ಅಡಿಟಿಪ್ಪಣಿ ಸೇರಿದರೆ ಕಾಂಟ್‌ನ ಮಾತು ಡೇವಿಡ್ ಹ್ಯೂಮ್‌ನ ಪಾಲಾಗುತ್ತದೆ. ಶಿಕಾಗೋ ಕೈಪಿಡಿಯ 2017ರ ಆವೃತ್ತಿಯೇ ಅದರ ಬದಲು ಚಿಕ್ಕ ಶೀರ್ಷಿಕೆ ಬಳಸಲು ಹೇಳುತ್ತದೆ. ಕನ್ನಡ ಉದ್ಧರಣೆಗಳಿದ್ದರೆ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಕಳುಹಿಸಬೇಡಿ, ಯೂನಿಕೋಡ್‌ಗೆ ಬದಲಾಯಿಸಿ; ಇಲ್ಲದಿದ್ದರೆ ಸಂಪಾದಕರಿಗೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ರೋಮನ್ ಲಿಪಿಯ ಸಂಸ್ಕೃತಕ್ಕೆ ಚುಕ್ಕೆ–ಗೆರೆಗಳನ್ನು ಹಾಕುವುದಾದರೆ ಎಲ್ಲ ಕಡೆ ಹಾಕಿ. ಹೆಸರು ಮರೆಸಿ ಕಳುಹಿಸುವ ಪ್ರತಿಯಲ್ಲಿ ‘ನನ್ನ ಹಿಂದಿನ ಲೇಖನದಲ್ಲಿ’ ಎಂಬ ಮಾತು ಉಳಿದಿದೆಯೇ, ಕಡತದ ವಿವರಗಳಲ್ಲಿ ನಿಮ್ಮ ಹೆಸರಿದೆಯೇ ಎಂದೂ ನೋಡಿ.

ಪತ್ರಿಕೆ ಯಾವುದೆಂದು ನೀವು ಹೇಳಿಲ್ಲ. ಅದರ ಸೂಚನೆಗಳ ಜೊತೆಗೆ ಇತ್ತೀಚಿನ ಸಂಚಿಕೆಯಲ್ಲಿ ಕಾಂಟ್ ಕುರಿತ ಒಂದು ಲೇಖನವನ್ನೂ ತೆರೆದಿಟ್ಟುಕೊಳ್ಳಿ, ಸೂಚನೆ ಬಿಟ್ಟದ್ದನ್ನು ಅದು ತೋರಿಸುತ್ತದೆ. ಇವತ್ತು ಮಾತ್ರ ಶೈಲಿಯನ್ನು ಮುಟ್ಟಬೇಡಿ. ಮೊದಲು ಕಾಂಟ್‌ನ ಉಲ್ಲೇಖಗಳಿಗೆಲ್ಲ ಎ, ಬಿ ಸಂಖ್ಯೆ ಹಾಕಿ ಇಲ್ಲಿ ಹಂಚಿಕೊಳ್ಳಿ. ನಿಗಮನದ ಭಾಗದವನ್ನು ನಾನು ಕುಳಿತು ನೋಡಿಕೊಡುತ್ತೇನೆ.